ಡಬ್ಬಿಯಲ್ಲಿ 23, ಹೊಲದಲ್ಲಿ 9: ಜವಾರಿ ಕಾಳಿನ ಒಂದು ಪ್ರಕರಣ

ಇದು ಬಾಗಲಕೋಟೆ ಜಿಲ್ಲೆಯ ಒಂದು ಹೊಲದ ಕತೆ. ಮುಧೋಳ–ಜಮಖಂಡಿ ಸೀಮೆ ಅಂದರೆ ಸಾಕು, ಊರಿನ ಹೆಸರು ಬೇಡ. ಬರೆಯಲು ಮನೆಯವರು ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಓದಿದವರಿಗೆ ಇಂಥವರೇ ಅಂತ ಗೊತ್ತಾಗಬಾರದು. ಅದಕ್ಕೆ ಒಂದೆರಡು ಗುರುತು ಬದಲಿಸಿದ್ದೇನೆ.

ಹೊಲ ನೋಡಿಕೊಳ್ಳುವಾಕೆಯನ್ನು ಇಲ್ಲಿ ಅಕ್ಕ ಅನ್ನುತ್ತೇನೆ. ನಾನು ಕರೆಯುವುದೂ ಹಾಗೇ. ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಹಂಗಾಮಿ ನೌಕರ. ಕಬ್ಬು ನುರಿಸುವ ತಿಂಗಳುಗಳಲ್ಲಿ ಅವರಿಗೆ ಹೊಲದ ಕಡೆ ತಲೆ ಹಾಕಲೂ ಆಗುವುದಿಲ್ಲ. ಅತ್ತಿಗೆ, ಅಂದರೆ ಗಂಡನ ತಾಯಿಗೆ, ಎಪ್ಪತ್ತು ದಾಟಿದೆ, ಬಾಯಿ ಮಾತ್ರ ಇನ್ನೂ ಗಟ್ಟಿ. ಪಶ್ಚಿಮಕ್ಕೆ, ಒಂದೇ ಬದುವಿನ ಆಚೆ, ಗಂಡನ ಅಣ್ಣನ ಕಬ್ಬು. ಅಕ್ಕನಿಗೆ ಅವರು ಭಾವ. ಈ ಬದು ಮುಂದೆ ಬೇಕಾಗುತ್ತದೆ, ನೆನಪಿರಲಿ.

ಹಿನ್ನೆಲೆ

2017ರಲ್ಲಿ ಅಣ್ಣತಮ್ಮಂದಿರ ಹಿಸೆ ಆಯಿತು. ಇವರ ಪಾಲಿಗೆ ಬಂದದ್ದು 3 ಎಕರೆ 10 ಗುಂಟೆ. ಹೆಚ್ಚಿನದು ಎರಿ, ಅಂದರೆ ಕಪ್ಪು ಮಣ್ಣಿನ ಭೂಮಿ. ಪೂರ್ವದ ತುದಿಗೆ ಸ್ವಲ್ಪ ಮಸಾರಿ (ಕೆಂಪು ಮಣ್ಣು), ತಗ್ಗಿನಲ್ಲಿ ಅರ್ಧ ಎಕರೆ ಸವಳು (ಉಪ್ಪು ನೆಲ). ವರ್ಷಗಟ್ಟಲೆ ಅಲ್ಲಿ ಕಬ್ಬು ಬಿಟ್ಟು ಬೇರೆ ಏನೂ ಬೆಳೆದಿರಲಿಲ್ಲ.

2018ರಲ್ಲಿ ಕಬ್ಬು ಬಿಟ್ಟರು. ಸಾವಯವದ ಮೇಲಿನ ಪ್ರೀತಿಗೆ ಬಿಟ್ಟದ್ದಲ್ಲ. ಬೋರ್‌ವೆಲ್ ನೀರು ಇಳಿದಿತ್ತು, ಕಬ್ಬಿನ ಬಿಲ್ಲು ಕೈಗೆ ಬರುವುದು ತಡವಾಗುತ್ತಿತ್ತು. "ವಾರಕ್ಕೊಮ್ಮೆ ಸಂತಿಗೆ ಹೋದ್ರ ನಾಕ ರೂಪಾಯಿ ಬರೋವಂಥಾದ್ದು ಬೇಕ್ರಿ ಸರ, ವರ್ಷಕ್ಕೊಮ್ಮೆ ಬರೋದಲ್ಲ" ಅಂತ ಅಕ್ಕ ಮೊದಲ ಭೇಟಿಯಲ್ಲೇ ಹೇಳಿದ್ದರು. ರಾಸಾಯನಿಕ ಬಿಟ್ಟದ್ದು ಕೂಡ ಅದರ ಖರ್ಚು ತಪ್ಪಲಿ ಅಂತ. ಹೆಮ್ಮೆ ಆಮೇಲೆ ಬಂತು.

ಮೊದಲ ಮುಂಗಾರಿಯಲ್ಲೇ ಪೆಟ್ಟು ಬಿತ್ತು. ಬಿತ್ತಿದ ಹೆಸರು, ಅಲಸಂದಿ ಚೆನ್ನಾಗಿಯೇ ಹುಟ್ಟಿದವು. ಆಮೇಲೆ ಎಲೆಯ ಅಂಚು ಹಳದಿಯಾಗಿ, ಕೆಳಗಿನ ಎಲೆಯಿಂದ ಒಣಗುತ್ತ ಬಂತು. ಒಬ್ಬರು ಸತುವಿನ ಕೊರತೆ ಅಂದರು, ಇನ್ನೊಬ್ಬರು ಬೇರುಕೊಳೆ ಅಂದರು. ಕೊನೆಗೆ ನಾವು ಮಾಡಿದ್ದು ಬಹಳ ಸರಳ ಕೆಲಸ. ಮೂರು ಕುಂಡದಲ್ಲಿ ಹೊಲದ ಮಣ್ಣು, ಮೂರು ಕುಂಡದಲ್ಲಿ ಹಿತ್ತಲ ಮಣ್ಣು. ಎರಡಕ್ಕೂ ಒಂದೇ ಬೀಜ, ಒಂದೇ ನೀರು. ಹೊಲದ ಮಣ್ಣಿನ ಸಸಿಗಳಲ್ಲಿ ಅದೇ ಹಳದಿ ಅಂಚು ಬಂತು. ಹಿತ್ತಲ ಮಣ್ಣಿನವು ಹಸಿರಾಗೇ ಇದ್ದವು.

ಕಬ್ಬಿಗೆ ಹಾಕಿದ್ದ ಅಟ್ರಾಜಿನ್ ಅನ್ನುವ ಕಳೆನಾಶಕ ಮಣ್ಣಿನಲ್ಲಿ ಉಳಿದಿತ್ತು. ಕ್ಷಾರ ಜಾಸ್ತಿ ಇರುವ ಮಣ್ಣಿನಲ್ಲಿ ಅದು ಬೇಗ ಕರಗುವುದಿಲ್ಲ, ನಮ್ಮ ಎರಿ ಮಣ್ಣು ಅಂಥದ್ದೇ. ಜೋಳ, ಗೋವಿನಜೋಳಕ್ಕೆ ಅದರಿಂದ ಏನೂ ಆಗುವುದಿಲ್ಲ, ಕಾಳಿನ ಬೆಳೆ ಮಾತ್ರ ತಡೆಯುವುದಿಲ್ಲ. ಹಾಗಾಗಿ ಎರಡು ಹಂಗಾಮು ಬರೀ ಜೋಳ, ಗೋವಿನಜೋಳ. ಪ್ರತಿ ಬಿತ್ತಿಗೆಗೆ ಮುಂಚೆ ಕುಂಡದ ಪರೀಕ್ಷೆ. ಈ ಅಭ್ಯಾಸ ಮುಂದೆ ದೊಡ್ಡ ಕೆಲಸಕ್ಕೆ ಬಂತು. ಗಿಡದ ಎಲೆ ಏನು ಹೇಳುತ್ತದೆ ಅಂತ ನಿಂತು ನೋಡುವುದನ್ನು ಅಕ್ಕ ಆಗ ಕಲಿತರು.

2019ರ ಕೊನೆಯಿಂದ ಹೊಲ ಮೆಲ್ಲಗೆ ಬಣ್ಣ ಕಟ್ಟಿತು. ಆ ವರ್ಷ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದ್ದವು. ಇವರ ಹೊಲಕ್ಕೆ ಹೊಳೆ ಬರಲಿಲ್ಲ, ಆದರೆ ಸವಳು ತುಂಡಿನಲ್ಲಿ ನೀರು ನಿಂತು ಅಲ್ಲಿದ್ದದ್ದೆಲ್ಲ ಕೊಳೆಯಿತು. ಅಲ್ಲಿಗೆ ಡೈಂಚಾ (ಹಸಿರೆಲೆ ಗೊಬ್ಬರದ ಗಿಡ) ಹಾಕಿ ಸುಮ್ನೆ ಬಿಟ್ಟರು. ಉಳಿದ ಕಡೆ ಜೋಳ, ಸಜ್ಜಿ, ನಡುನಡುವೆ ಅಕ್ಕಡಿ ಸಾಲು: ತೊಗರಿ, ಮಡಕಿ, ಅಲಸಂದಿ, ಪುಂಡಿ. ಹಿಂಗಾರಿಯಲ್ಲಿ ಬಿಳಿಜೋಳದ ಜೊತೆ ಕಡಲಿ, ಕುಸುಬಿ, ಅಗಸಿ. ಬಾವಿಯ ಹತ್ತಿರ ಬದನಿ, ಹೀರಿ, ಸವತಿ, ಸೊಪ್ಪು. ಸಂತೆಯ ರೊಕ್ಕ ಬರುತ್ತಿದ್ದದ್ದು ಈ ತರಕಾರಿಯಿಂದ, ಕಾಳಿನಿಂದ ಅಲ್ಲ.

23 ಡಬ್ಬಿ

ಕಾಳಿನ ಹುಚ್ಚು ಹತ್ತಿದ್ದು ಅತ್ತಿಯಿಂದ. ಅವರ ಗಡಿಗೆಗಳಲ್ಲಿ ಬೂದಿಯೊಳಗೆ ಐದು ಜಾತಿ ಬೀಜ ಇದ್ದವು. ತವರುಮನೆ ವಿಜಯಪುರದ ಡೋಣಿ ಹೊಳೆಸಾಲಿನ ಕಡೆ. "ಡೋಣಿ ಹರಿದರ ಓಣೆಲ್ಲ ಜೋಳ" ಅನ್ನುವ ಸೀಮೆ. ಅಲ್ಲಿಂದ ಅಕ್ಕ ನಾಲ್ಕು ತಂದರು. ಬೀಜ ಮೇಳಗಳಿಂದ ಒಂದಿಷ್ಟು, ಬೀಗರು ನೆಂಟರಿಂದ ಒಂದಿಷ್ಟು. ಮಹಾರಾಷ್ಟ್ರದ ಗಡಿ ಕಡೆಯವರು ಘೇವಡಾ ಅನ್ನುವ ಕಾಳೂ ಬಂತು. 2021ರ ಹೊತ್ತಿಗೆ 23 ಜಾತಿ ಆದವು.

ಕಲಿಕೆ ಇಲ್ಲದೆ ಏನೂ ಬರಲಿಲ್ಲ. 2020ರಲ್ಲಿ ಮಿರಗ (ಮೃಗಶಿರಾ) ಮಳೆಗೆ ಬಿತ್ತಿದ ಜವಾರಿ ಅವರಿ ಸೆಪ್ಟೆಂಬರ್ ಬಂದರೂ ಹೂ ಬಿಡಲಿಲ್ಲ, ಬರೀ ಬಳ್ಳಿ. ಬಂಜೆ ಬೀಜ ಅಂತ ಅಕ್ಕ ಅರ್ಧ ಕಿತ್ತು ದನಕ್ಕೆ ಹಾಕಿದ ಮೇಲೆ ಅತ್ತಿ ನೋಡಿ ತಲೆ ಚಚ್ಚಿಕೊಂಡರು. "ಚಳಿ ಬೀಳೂತನಾ ಅದು ಹೂ ಬಿಡಾಂಗಿಲ್ಲ, ಯಾರ ಕೇಳಿ ಕಿತ್ತಿ?" ಹಗಲು ಗಿಡ್ಡ ಆಗುವ ತನಕ ಹಳೆಯ ಅವರಿ ಕಾಯುತ್ತದೆ. ವರ್ಷವಿಡೀ ಹೂ ಬಿಡುವ ಗುಣ ಹೆಬ್ಬಾಳ ಅವರೆಯಂಥ ಸುಧಾರಿತ ತಳಿಗಳದ್ದು. ಉಳಿದ ಅರ್ಧ ಬಳ್ಳಿ ನವೆಂಬರ್‌ನಲ್ಲಿ ಮೈತುಂಬ ಕಾಯಿ ಬಿಟ್ಟಿತು.

23 ಜಾತಿ ಅಂದ ಕೂಡಲೇ ಜನ ಬರತೊಡಗಿದರು. ಅತ್ತಿಯ ಗಡಿಗೆಗಳು ಚಂದ ಕಾಣುವುದಿಲ್ಲ ಅಂತ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ತಂದು, ಚೀಟಿ ಅಂಟಿಸಿ, ತಗಡಿನ ಕೋಣೆಯಲ್ಲಿ ಸಾಲಾಗಿ ಇಟ್ಟರು. ಬಂದವರು ಮುಚ್ಚಳ ತೆಗೆದು, ಕೈಯಲ್ಲಿ ಹಿಡಿದು, ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ನಾನೇ ನಾಲ್ಕೈದು ಗುಂಪು ಕರೆದುಕೊಂಡು ಹೋಗಿದ್ದೇನೆ. ಡಬ್ಬಿ ತೆರೆಸಿದವರಲ್ಲಿ ನಾನೂ ಒಬ್ಬ.

ಮಾರಾಟ ಮಾತ್ರ ಕುಂಟುತ್ತಿತ್ತು. ಒಂದೊಂದು ಜಾತಿ 3 ಕಿಲೋ, 5 ಕಿಲೋ, ಹೆಚ್ಚೆಂದರೆ 15 ಕಿಲೋ. ಅಂಗಡಿಯವರು ಒಂದೇ ಬಗೆಯದ್ದು ಚೀಲಗಟ್ಟಲೆ ಕೇಳುತ್ತಾರೆ. ಎಲ್ಲ ಸೇರಿಸಿ ಮಿಶ್ರ ಕಾಳು ಅಂತ ಅರ್ಧ ಕಿಲೋ ಪೊಟ್ಟಣ ಕಟ್ಟಿದರು. ಬೆಳಗಾವಿಯ ಗಿರಾಕಿಗಳು ಒಮ್ಮೆ ಕೊಂಡರು, ಎರಡನೇ ಸಲ ಕೊಳ್ಳಲಿಲ್ಲ. ಬೇಯಿಸಿದರೆ ಹೆಸರುಕಾಳು ಕರಗಿ ಹೋಗುವ ಹೊತ್ತಿಗೆ ಅವರಿ ಇನ್ನೂ ಕಲ್ಲು. ಯಾರು ತಿನ್ನುತ್ತಾರೆ ಅದನ್ನು?

2022ರ ಮೇ ತಿಂಗಳಲ್ಲಿ ಬಿತ್ತಿಗೆಗೆ ಬೀಜ ತೆಗೆದಾಗ 9 ಡಬ್ಬಿಗಳಲ್ಲಿ ಬರೀ ಹಿಟ್ಟು, ತೂತು ಬಿದ್ದ ಕಾಳು, ಓಡಾಡುವ ಸಣ್ಣ ಕಂದು ದುಂಬಿ. ನುಸಿ ಹತ್ತಿತ್ತು. ಈ ದುಂಬಿ ಹೊಲದಲ್ಲೇ, ಕಾಯಿ ಒಣಗುವಾಗಲೇ ಮೊಟ್ಟೆ ಇಡಲು ಶುರು ಮಾಡುತ್ತದೆ. ಮರಿ ಕಾಳಿನೊಳಗೇ ಬೆಳೆದು ತೂತು ಕೊರೆದು ಹೊರಬರುತ್ತದೆ. ಬೇಸಗೆಯಲ್ಲಿ ಹೆಚ್ಚುಕಡಿಮೆ ತಿಂಗಳಿಗೊಂದು ಪೀಳಿಗೆ. ಡಬ್ಬಿ ಗಾಳಿಯಾಡದ್ದೇ, ನಿಜ. ಆದರೆ ಅರ್ಧ ಮಾತ್ರ ತುಂಬಿತ್ತು, ಮೇಲಿಂದ ವಾರಕ್ಕೊಮ್ಮೆ ನಮ್ಮಂಥವರು ಮುಚ್ಚಳ ತೆಗೆದು ಹೊಸ ಗಾಳಿ ಕೊಡುತ್ತಿದ್ದೆವು. ಕುತ್ತಿಗೆಯವರೆಗೆ ತುಂಬಿ, ಗಟ್ಟಿ ಮುಚ್ಚಿ, ಮುಟ್ಟದೆ ಇಟ್ಟಿದ್ದರೆ ಒಳಗಿನ ಹುಳು ಉಸಿರು ಕಟ್ಟಿ ಸಾಯುತ್ತಿತ್ತು. ಅತ್ತಿ ಒಂದು ಗಡಿಗೆಯಲ್ಲಿ ಕೆಮ್ಮಣ್ಣು ಕಟ್ಟಿಟ್ಟ ತೊಗರಿ ಹಾಗೇ ಇತ್ತು.

ಆ 9 ಜಾತಿಯಲ್ಲಿ ಗಟ್ಟಿ ಕಾಳು ಆರಿಸಿದಾಗ ಸಿಕ್ಕಿದ್ದು ಒಂದೊಂದು ಹಿಡಿ. ಇಲ್ಲಿ ಅಕ್ಕ ತೆಗೆದುಕೊಂಡ ತೀರ್ಮಾನವನ್ನು ನಾನು ಬಹಳ ಸಲ ತಿರುಗಿಸಿ ನೋಡಿದ್ದೇನೆ. ಎಲ್ಲ ಬೀಜವನ್ನೂ, ಒಂದು ಕಾಳೂ ಉಳಿಸದೆ, ಒಂದೇ ಕಡೆ ಬಿತ್ತಿದರು. ಬಾವಿ ಹತ್ತಿರ, ನೀರು ಕೈಗೆ ಸಿಗುವಲ್ಲಿ, ದಿನಾ ಕಣ್ಣಿಗೆ ಬೀಳುವಲ್ಲಿ. ಜೋಪಾನ ಮಾಡಲು ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಬಾವಿ ಇರುವುದು ಪಶ್ಚಿಮದ ಬದುವಿಗೆ ಹತ್ತಿ.

ಆಷಾಢದ ಗಾಳಿ

ಜುಲೈ ಮೊದಲ ವಾರ. ಸಸಿಗಳಿಗೆ ಮೂರು ವಾರ. ಒಂದು ಬೆಳಿಗ್ಗೆ ಎಳೆ ಎಲೆಗಳು ಬಟ್ಟಲಿನ ಹಾಗೆ ಮಡಚಿಕೊಂಡಿದ್ದವು. ದಂಟು ಹಾವಿನಂತೆ ತಿರುಚಿತ್ತು. ಅಕ್ಕ ಫೋಟೋ ಕಳಿಸಿದರು. ಸಲಹೆ ಕೊಟ್ಟವರೊಬ್ಬರು ಮುಟುರು ರೋಗ, ಬಿಳಿನೊಣ ತಂದದ್ದು, ಬೇವಿನೆಣ್ಣೆ ಹೊಡೆಯಿರಿ ಅಂದರು. ಅದರಲ್ಲಿ ನಾಲ್ಕು ದಿನ ಹೋದವು.

ಐದನೇ ದಿನ ಅಕ್ಕ ಫೋನ್ ಮಾಡಿದರು. "ಸರ, ಇದು ರೋಗ ಅಲ್ರಿ. ಸಾಲಿನ ನಡುವ ಜೋಳ ಐತಿ, ಅದಕ್ಕ ಏನೂ ಆಗಿಲ್ಲ. ಅಗಲ ಎಲಿ ಇದ್ದದ್ದಕ್ಕ ಅಷ್ಟ ಬಡದೈತಿ." ನಾನು ಹೋಗಿ ನೋಡುವ ಮೊದಲೇ ಅವರು ಅರ್ಧ ದಾರಿ ಮುಟ್ಟಿದ್ದರು. ಭಾವ ಕಬ್ಬಿಗೆ ಕಸದ ಎಣ್ಣಿ, ಅಂದರೆ ಕಳೆನಾಶಕ ಹೊಡೆಸಿದ್ದರು, 2,4-ಡಿ. ಹುಲ್ಲಿನ ಜಾತಿಗೆ ಅದು ತಟ್ಟುವುದಿಲ್ಲ. ಅಗಲ ಎಲೆಯ ಗಿಡಕ್ಕೆ ವಿಷ, ಅದರಲ್ಲೂ ಕಾಳಿನ ಬಳ್ಳಿಗೆ ಸೋಕಿದರೂ ಸಾಕು. ಹೊಡೆದದ್ದು ಮಧ್ಯಾಹ್ನ, ಆಷಾಢದ ಗಾಳಿ ಪಶ್ಚಿಮದಿಂದ ಬೀಸುವಾಗ. ಮೇಲಾಗಿ ಈಸ್ಟರ್ ರೂಪದ್ದು, ಬಿಸಿಲಿಗೆ ಆವಿಯಾಗಿಯೂ ಹರಡುವಂಥದ್ದು.

ಮನೆಯಲ್ಲಿ ಬೆಂಕಿ ಹತ್ತಿತು. ಹಿಸೆಯ ಹಳೆ ಗಾಯ ಇನ್ನೂ ಮಾಗಿರಲಿಲ್ಲ. ಗಂಡ ಪಂಚರನ್ನು ಕೂಡಿಸುತ್ತೇನೆ ಅಂದರು. ಬೇಕಂತಲೇ ಮಾಡಿದ್ದಾನೆ ಅಂತಲೂ ಅಂದರು. ಅತ್ತಿ ಅಳುತ್ತ ಕೂತರು. ಇಬ್ಬರೂ ಅವರ ಮಕ್ಕಳೇ ಅಲ್ವಾ.

ಈ ಪ್ರಕರಣದ ತಿರುವು ಇಲ್ಲಿದೆ. ಪಂಚಾಯಿತಿಗೆ ಮುಂಚೆ ಹೊಲ ಪೂರ್ತಿ ಒಮ್ಮೆ ನಡೆದು ನೋಡೋಣ ಅಂತ ಅಕ್ಕ ಹಟ ಹಿಡಿದರು. ನೋಟ್‌ಬುಕ್ಕಿನಲ್ಲಿ ಹೊಲದ ನಕ್ಷೆ ಬರೆದು, ಪೆಟ್ಟು ಬಿದ್ದ ಕಡೆ ಪೆನ್ಸಿಲ್ಲಿನಿಂದ ಗೀರು ಹಾಕುತ್ತ ಹೋದೆವು. ಬದುವಿನ ಹತ್ತಿರ ದಟ್ಟ ಗೀರು, ದೂರ ಹೋದಂತೆ ತೆಳು, ಒಂದಿಪ್ಪತ್ತು ಹೆಜ್ಜೆ ಆದ ಮೇಲೆ ಇಲ್ಲವೇ ಇಲ್ಲ. ಗಾಳಿಯದ್ದೇ ಲೆಕ್ಕ. ಅಲ್ಲಿಗೆ ನಿಲ್ಲಿಸಿ ವಾಪಸ್ ಬಂದಿದ್ದರೆ ಭಾವನೇ ಪೂರ್ತಿ ತಪ್ಪಿತಸ್ಥ ಆಗುತ್ತಿದ್ದರು.

ಆದರೆ ನಾವು ಪೂರ್ವದ ಮಸಾರಿಯವರೆಗೂ ಹೋದೆವು. ಅಲ್ಲಿ, ಬದುವಿನಿಂದ ಅಷ್ಟು ದೂರದಲ್ಲಿ, ಅಲಸಂದಿ ಮತ್ತೆ ತಿರುಚಿತ್ತು. ನಡುವೆ ಎಲ್ಲ ಹಸಿರು, ಅಲ್ಲಿ ಮಾತ್ರ ಪೆಟ್ಟು. ಅದೂ ಪಟ್ಟಿಪಟ್ಟಿಯಾಗಿ. ಮೊದಲ ಪಟ್ಟಿ ಜೋರು, ಎರಡನೆಯದು ಕಡಿಮೆ, ಮೂರನೆಯದು ಇದೆಯೋ ಇಲ್ಲವೋ ಅನ್ನುವಷ್ಟು. ಗಾಳಿ ಹೀಗೆ ಸಾಲು ಹಿಡಿದು ನಡೆಯುವುದಿಲ್ಲ.

ಅಕ್ಕ ಬದುವಿನ ಮೇಲೆ ಕೂತುಬಿಟ್ಟರು. ಆ ತುಂಡಿಗೆ ವಾರದ ಹಿಂದೆ ಜೀವಾಮೃತ (ಸಗಣಿ, ಗಂಜಲ ಕಳಿಸಿದ ದ್ರವಗೊಬ್ಬರ) ಸೋಸಿ ಹೊಡೆದಿದ್ದರು. ತಮ್ಮ ಪಂಪು ಕೆಟ್ಟಿತ್ತು. ಭಾವನ ಮನೆಯಿಂದ ತಂದ ಪಂಪು. ಕಸದ ಎಣ್ಣಿ ಹೊಡೆದ ಎರಡು ದಿನಕ್ಕೆ ತಂದದ್ದು, ಒಮ್ಮೆ ನೀರು ಹಾಕಿ ಕುಲುಕಿ ಚೆಲ್ಲಿ ತುಂಬಿದ್ದು. 2,4-ಡಿ ಬರೀ ನೀರಿಗೆ ಹೋಗುವುದಿಲ್ಲ, ಪೈಪು, ವಾಷರುಗಳಲ್ಲಿ ಕೂತಿರುತ್ತದೆ. ಮೊದಲ ಟ್ಯಾಂಕಿಗೆ ಜಾಸ್ತಿ ಇಳಿದಿದೆ, ಎರಡನೆಯದಕ್ಕೆ ಕಡಿಮೆ, ಮೂರನೆಯದಕ್ಕೆ ತೀರಾ ಕಡಿಮೆ. ಮೂರು ಪಟ್ಟಿ ಅಂದರೆ ಮೂರು ಟ್ಯಾಂಕು.

"ಅರ್ಧ ಗಾಳಿ ಮಾಡೇತಿ, ಅರ್ಧ ನಾನ ನನ್ನ ಕೈಯಾರೆ ಹೊಡದೀನಿ" ಅಂದರು. ಗಂಡ ಏನೂ ಮಾತಾಡಲಿಲ್ಲ. ಪಂಚಾಯಿತಿ ಸೇರಲಿಲ್ಲ.

ಲೆಕ್ಕ ಹಾಕಿದರೆ ದೊಡ್ಡ ನಷ್ಟ ಗಾಳಿಯಿಂದಲೇ ಆದದ್ದು. ಬಾವಿ ಹತ್ತಿರದ 9 ಜಾತಿಯಲ್ಲಿ 2 ಚೇತರಿಸಿಕೊಂಡು ನಾಲ್ಕು ಕಾಯಿ ಕೊಟ್ಟವು. 7 ಹೋದವು: ಕರಿ ಅವರಿ, ನೇರಳೆ ಅಂಚಿನ ಚಪ್ಪರದವರಿ, ಕೆಂಪು ಅಲಸಂದಿ, ಚುಕ್ಕಿ ಅಲಸಂದಿ, ಸಣ್ಣ ಮಡಕಿ, ಜವಾರಿ ಹೆಸರು, ಬಿಳಿ ತೊಗರಿ. ಮಸಾರಿಯಲ್ಲಿ ಇಳುವರಿ ಮಾತ್ರ ಇಳಿಯಿತು, ಆ ಬೀಜ ಮನೆಯಲ್ಲೂ ಇತ್ತು. ಭಾವನ ಮುಂದೆ ಗಾಳಿಯ ಮಾತು ಎತ್ತುವ ಹಕ್ಕು ಅಕ್ಕನಿಗೆ ಪೂರ್ತಿ ಇತ್ತು. ಆದರೆ ತನ್ನ ತಪ್ಪನ್ನೂ ಕಂಡ ಮೇಲೆ ಆಡಿದ ಮಾತಿನ ದನಿ ಬೇರೆ. ನಕ್ಷೆ ಹಿಡಿದುಕೊಂಡೇ ಹೋದರು, ಪಂಪಿನ ವಿಷಯವನ್ನೇ ಮೊದಲು ಹೇಳಿದರು. ಭಾವ ನಕ್ಷೆಯನ್ನು ಬಹಳ ಹೊತ್ತು ನೋಡಿ, "ಇಷ್ಟ ದೂರ ಹಾರತೈತಂತ ನನಗರ ಏನ ಗೊತ್ತಿತ್ತವ್ವಾ" ಅಂದರಂತೆ. ಕ್ಷಮೆ ಕೇಳಲಿಲ್ಲ. ಕೇಳುವ ಪೈಕಿಯೂ ಅಲ್ಲ.

ಬೀಜ ಕೇಳಿಕೊಂಡು ಹೋದದ್ದು

ಕಳೆದುಹೋದ 7 ಜಾತಿ ಹುಡುಕಲು ನಾನು ಸೂಚಿಸಿದ್ದು ಬೀಜ ಮೇಳ, ಧಾರವಾಡದ ಕೃಷಿ ವಿಶ್ವವಿದ್ಯಾಲಯ. ಅತ್ತಿ ಸೂಚಿಸಿದ್ದು ಬೇರೆ. "ನನ್ನ ತಂಗಿ ಮಗಳಿಗೆ ಉಡಿಯಾಗ ಹಾಕಿ ಕೊಟ್ಟಿದ್ದೆ. ಅಕಿ ಹತ್ರ ಐತೇನ ಕೇಳು."

ವರ್ಷಗಟ್ಟಲೆ ಆ ಮುದುಕಿ ಪಂಚಮಿಗೆ ಬಂದ ಹೆಣ್ಣುಮಕ್ಕಳಿಗೆ, ತಂಗಿಯರಿಗೆ, ಕೂಲಿಗೆ ಬರುವವರಿಗೆ ಹಿಡಿ ಹಿಡಿ ಕಾಳು ಕೊಡುತ್ತಲೇ ಇದ್ದರು. ಅಕ್ಕನಿಗೆ ಮೊದಲು ಅದು ಕಿರಿಕಿರಿ. ಬೀಜ ಹೀಗೆ ಹಂಚಿದರೆ ನಮಗೇನು ಉಳಿಯುತ್ತದೆ ಅಂತ ಒಂದೆರಡು ಸಲ ಜಗಳವೂ ಆಗಿತ್ತು.

2022ರ ದೀಪಾವಳಿಯಿಂದ ಮುಂದಿನ ಮಿರಗದ ತನಕ ಇಬ್ಬರೂ ಬಸ್ಸು ಹತ್ತಿ ಇಳಿದರು. ಬೀಳಗಿ ಕಡೆಯ ತಂಗಿಮಗಳ ಹಿತ್ತಲಲ್ಲಿ ನೇರಳೆ ಅಂಚಿನ ಅವರಿ ಚಪ್ಪರ ತುಂಬ ಹಬ್ಬಿತ್ತು. ಕೆಂಪು ಅಲಸಂದಿ ತವರಿನಲ್ಲಿ. ಮಡಕಿ ಒಬ್ಬ ನಾದಿನಿಯ ಮನೆಯಲ್ಲಿ. ಹೆಸರುಕಾಳು ಸಿಕ್ಕಿದ್ದು ಇವರದೇ ಊರಿನಲ್ಲಿ, ಹೊಲದ ಕಸ ತೆಗೆಯಲು ಬರುವ ಹೆಣ್ಣುಮಗಳ ಗುಡಿಸಲಲ್ಲಿ. ಹಿಂದೆ ರಾಶಿಯ ದಿನ ಕೂಲಿಯ ಜೊತೆ ಕೊಟ್ಟ ಕಾಳನ್ನು ಆಕೆ ಸೋರೆಬುರುಡೆಯಲ್ಲಿ ಇಟ್ಟಿದ್ದಳು. ಬಿಳಿ ತೊಗರಿಯೂ ಸಿಕ್ಕಿತು, ಆದರೆ ಅರ್ಧಕ್ಕರ್ಧ ಕಂದು ಕಾಳು ಬೆರೆತಿತ್ತು. ತೊಗರಿ ಹೂವಿಗೆ ಜೇನು ಬಂದು ಪಕ್ಕದ ಹೊಲದ ಪರಾಗ ತರುತ್ತದೆ. ಅವರಿಯಲ್ಲಿ ಇದು ಸ್ವಲ್ಪ, ಅಲಸಂದಿ, ಹೆಸರಿನಲ್ಲಿ ಬಹಳ ಕಡಿಮೆ.

ಐದು ಬಂದವು. ಬಾರದ ಎರಡು ಕರಿ ಅವರಿ ಮತ್ತು ಚುಕ್ಕಿ ಅಲಸಂದಿ. ಇವು ಮೊದಲು ಬೀಜ ಮೇಳದಿಂದ ತಂದಿದ್ದವು. ಬಹಳ ಅಪರೂಪದ್ದು ಅಂತ ಅಕ್ಕ ಅವನ್ನು ಯಾರಿಗೂ ಒಂದು ಕಾಳೂ ಕೊಟ್ಟಿರಲಿಲ್ಲ. ತಂದಿದ್ದ ಮೇಳದವರನ್ನು ಕೇಳಿದರೆ ಅವರ ಹತ್ತಿರವೂ ಮುಗಿದಿತ್ತು.

ಆಮೇಲೆ ಬದಲಾದದ್ದು

2023ರ ಬೇಸಗೆಯಲ್ಲಿ ಅತ್ತಿ, ಅಕ್ಕ, ಕೆಲಸಕ್ಕೆ ಬರುವ ಇಬ್ಬರು ಹೆಣ್ಣುಮಕ್ಕಳು ಕೂತು ಉಳಿದ 21 ಜಾತಿಯನ್ನೂ ಒಂದೊಂದೇ ಬೇಯಿಸಿ ತಿಂದರು. ಸೋಡಾ ಇಲ್ಲ, ಒಂದೇ ನೀರು, ಒಂದೇ ಕುಕ್ಕರು, ಸೀಟಿ ಎಣಿಕೆ. ನಾಲ್ಕು ದಿನ ಬೇಕಾಯಿತು. ನಾನು ನೋಡಿದ ತಳಿ ಆಯ್ಕೆಗಳಲ್ಲಿ ಇದಕ್ಕಿಂತ ಪ್ರಾಮಾಣಿಕವಾದದ್ದು ಇಲ್ಲ. ಮನೆಯವರು ಮತ್ತೆ ಬಡಿಸಿ ಅಂದದ್ದು, ಕಟಾವು ಒಂದೇ ವಾರಕ್ಕೆ ಬೀಳದಂಥದ್ದು, ನೆರೆಯವರು ಬೀಜ ಕೇಳಿದ್ದು, ಹೀಗೆ 9 ಜಾತಿ ಈ ಹೊಲದಲ್ಲಿ ಇರಲಿ ಅಂತಾಯಿತು. ಉಳಿದ 12 ಬೇರೆ ಮನೆಗಳಿಗೆ. ಘೇವಡಾ ಇಲ್ಲಿನ ಬಿಸಿಗೆ ಹೂ ಉದುರಿಸುತ್ತಿತ್ತು. ಬೆಳಗಾವಿ ಕಡೆ ತಂಪಿನಲ್ಲಿರುವ ಬೀಗರ ಮನೆಗೆ ಹೋಯಿತು. ಬಿಳಿ ತೊಗರಿ ಸುತ್ತಮುತ್ತ ತೊಗರಿ ಇಲ್ಲದ ಮಡ್ಡಿಯೊಂದಕ್ಕೆ. ಅಲ್ಲಿ ಹತ್ತು ಗಿಡಕ್ಕೆ ಹೂ ಬಿಡುವ ಮೊದಲೇ ಹಳೆ ಸೊಳ್ಳೆಪರದೆ ಕಟ್ಟಿ, ಅವುಗಳ ಬಿಳಿ ಕಾಳು ಮಾತ್ರ ಆರಿಸುತ್ತಿದ್ದಾರೆ. 21ರಲ್ಲಿ ಯಾವುದೇ ಜಾತಿ ಕನಿಷ್ಠ ಮೂರು ಮನೆಯಲ್ಲಿ ಇರಬೇಕು. ಯಾವ ಜಾತಿ ಯಾರ ಮನೆಯಲ್ಲಿ ಅನ್ನುವ ಪಟ್ಟಿ ಅಡುಗೆಮನೆಯ ಗೋಡೆಯ ಮೇಲಿದೆ. ನಾನು ಕಂಪ್ಯೂಟರ್‌ನಲ್ಲಿ ಮಾಡಿಕೊಡುತ್ತೇನೆ ಅಂದಿದ್ದೆ. ಬೇಡ ಅಂದರು, ಒಳ್ಳೆಯದೇ ಆಯಿತು.

ಬೀಜ ಇಡುವ ರೀತಿ ಹಿಂದಕ್ಕೆ ಹೋಯಿತು, ಪೂರ್ತಿ ಅಲ್ಲ. ಹಲ್ಲಲ್ಲಿ ಕಚ್ಚಿದರೆ ಕಟ್ ಅನ್ನಬೇಕು, ಅಷ್ಟು ಒಣಗಿಸುತ್ತಾರೆ. ಬೂದಿ ಬೆರೆಸಿ ಬಾಟಲಿಯ ಕುತ್ತಿಗೆಯವರೆಗೆ ತುಂಬುತ್ತಾರೆ. ಸಣ್ಣ ಸಣ್ಣ ಬಾಟಲಿ, ಒಂದು ಜಾತಿಗೆ ಎರಡು. ಮಿರಗಕ್ಕೆ ಮುಂಚೆ ಯಾರಿಗೂ ತೆರೆಯುವುದಿಲ್ಲ, ನನಗೂ. ತೋರಿಸಲು ಬೇರೆ ತಟ್ಟೆ ಇದೆ. ಮಾರುವ ತೊಗರಿ, ಹೆಸರನ್ನು ಬೇಗ ಬೇಳೆ ಒಡೆಸಿಬಿಡುತ್ತಾರೆ. ಒಡೆದ ಬೇಳೆಯಲ್ಲಿ ಈ ದುಂಬಿಗೆ ಮರಿ ಮಾಡುವುದು ಕಷ್ಟ. ಅವರಿಯನ್ನು ಹೆಚ್ಚಾಗಿ ಹಸಿ ಕಾಯಿಯಾಗೇ ಸಂತೆಗೆ ಒಯ್ಯುತ್ತಾರೆ. ಒಣ ಕಾಳು ಅಂತ ಮಾರುವುದು ನಾಲ್ಕೇ ಬಗೆ, ಬೇರೆ ಬೇರೆ ಪೊಟ್ಟಣ.

ಪಶ್ಚಿಮದ ಬದುವಿಗೆ 12 ಅಡಿ ಅಗಲಕ್ಕೆ ಸಜ್ಜಿ, ಜೋಳ ಒತ್ತಾಗಿ ಬಿತ್ತುತ್ತಾರೆ. ತೂರಿ ಬರುವ ಹನಿಯನ್ನು ಅವು ತಡೆಯುತ್ತವೆ, ತಮಗೆ ಏನೂ ಆಗುವುದಿಲ್ಲ. ಆ ಪಟ್ಟಿಯ ಕಾಳನ್ನು ಸಾವಯವ ಅಂತ ಮಾರುವುದಿಲ್ಲ. ಬೀಜದ ಮಡಿಗಳು ಪೂರ್ವಕ್ಕೆ ಹೋದವು, ಕೊಡಪಾನದಲ್ಲಿ ನೀರು ಹೊರಬೇಕು. ಸ್ವಂತ ಪಂಪು ತಂದು ಕೆಂಪು ಬಣ್ಣ ಬಳಿದಿದ್ದಾರೆ, ಯಾರಿಗೂ ಕೊಡುವುದಿಲ್ಲ. ಭಾವ ಹೊಡೆಸುವ ಹಿಂದಿನ ದಿನ ಫೋನ್ ಮಾಡುತ್ತಾರೆ, ಈಸ್ಟರ್ ಬಿಟ್ಟು ಸೋಡಿಯಂ ಲವಣದ್ದು ತರುತ್ತಾರೆ, ಗಾಳಿ ಏಳುವ ಮುಂಚೆ ಮುಗಿಸುತ್ತಾರೆ. ಒಂದು ಸಲ ಮರೆತರು. ಸಜ್ಜಿ ಇತ್ತು, ಬಚಾವಾಯಿತು.

ಸಾವಯವ ಪ್ರಮಾಣಪತ್ರದ ವಿಷಯ ಚಿಕ್ಕದು. ಪಿಜಿಎಸ್ (ರೈತರೇ ಗುಂಪಾಗಿ ಒಬ್ಬರ ಹೊಲ ಒಬ್ಬರು ಪರಿಶೀಲಿಸುವ ಪದ್ಧತಿ) ಗುಂಪಿಗೆ ಕನಿಷ್ಠ 5 ರೈತರು ಬೇಕು, ಊರಿನಲ್ಲಿ ಸಿಕ್ಕಿದ್ದು 3. ಪಕ್ಕದ ಊರಿನವರನ್ನು ಸೇರಿಸಿಕೊಳ್ಳುವ ಓಡಾಟ ಇನ್ನೂ ನಡೆದಿದೆ. ಸಂತೆಯಲ್ಲಿ ಯಾರೂ ಅದನ್ನು ಕೇಳುವುದಿಲ್ಲ.

ಈ ವ್ಯವಸ್ಥೆಗೆ ಮೊದಲ ಪರೀಕ್ಷೆ ಆ ವರ್ಷವೇ ಬಂತು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದ 2023. ಅವರಿ ಹೂವಿನಲ್ಲೇ ಬಾಡಿತು. ಹೆಸರು ಗೇಣುದ್ದಕ್ಕೆ ನಿಂತಿತು. ಸಣ್ಣ ಮಡಕಿ ಮತ್ತು ಹುರಳಿ ಮಾತ್ರ ನೆಲಕ್ಕೆ ಅಂಟಿಕೊಂಡು ಒಂದಿಷ್ಟು ಕಾಳು ಕೊಟ್ಟವು. ಆ ಮಡಕಿ ಹಿಂದಿನ ವರ್ಷ ನಾದಿನಿ ಮನೆಯಿಂದ ವಾಪಸ್ ಬಂದದ್ದೇ. ನಾದಿನಿಯ ಹೊಲದಲ್ಲಿ ಅದೂ ಕೈಕೊಟ್ಟಿತು. 2024ರ ಮಿರಗಕ್ಕೆ ಬೀಜ ಇಲ್ಲಿಂದ ಅಲ್ಲಿಗೆ ಹೋಯಿತು. ಅವರಿ ಬೀಜ ಬೀಳಗಿಯಿಂದ ಇಲ್ಲಿಗೆ ಬಂತು.

ಎಲ್ಲ ಸರಿಹೋಯಿತು ಅಂತ ಹೇಳಲಾರೆ. ತಗ್ಗಿನ ಸವಳು ಹಾಗೇ ಇದೆ. ಕಾಳಿನಿಂದ ಬರುವ ರೊಕ್ಕ ತರಕಾರಿಯದಕ್ಕಿಂತ ಈಗಲೂ ಕಡಿಮೆ. ಬೀಜ ಒಯ್ದ ಮನೆಗಳಲ್ಲಿ ಇಬ್ಬರು ಬಿತ್ತದೆ ಬೇಯಿಸಿ ತಿಂದರು. ಅತ್ತಿಗೆ ಅದರ ಬಗ್ಗೆ ಬೇಸರ ಇಲ್ಲ, ಅಕ್ಕನಿಗೆ ಇದೆ. ಕರಿ ಅವರಿಯ ಸಾಲಿನ ಎದುರು ಗೋಡೆಯ ಪಟ್ಟಿಯಲ್ಲಿ ಮನೆಯ ಹೆಸರಿಲ್ಲ. ಜಾತ್ರೆಗೆ ಹೋದಲ್ಲೆಲ್ಲ ಅತ್ತಿ ಕೇಳುತ್ತಲೇ ಇದ್ದಾರೆ.

ಕಳೆದ ಮುಂಗಾರಿಗೆ ಮುಂಚೆ ಭಾವನ ಹೆಂಡತಿ, ಅಂದರೆ ಅಕ್ಕನ ನೆಗೆಣ್ಣಿ, ಬದು ದಾಟಿ ಬಂದು ಎರಡು ಹಿಡಿ ಕೆಂಪು ಅಲಸಂದಿ ಒಯ್ದರು. ತಮ್ಮ ಕಬ್ಬಿನ ಸಾಲಿನ ನಡುವೆ ಬಿತ್ತಿದರು, ಗಂಡನಿಗೆ ಹೇಳದೆ. ಹುಟ್ಟಿದ ಮೇಲೆ ಗೊತ್ತಾಯಿತು. ಆ ನಾಲ್ಕು ಸಾಲಿಗೆ ಈಗ ಕಸದ ಎಣ್ಣಿ ಹೊಡೆಯುವಂತಿಲ್ಲ. ಜುಲೈನಲ್ಲಿ ನಾನು ಹೋದಾಗ ಭಾವ ಕೈಯಲ್ಲಿ ಕುರುಪಿ ಹಿಡಿದು ಅಲ್ಲಿ ಕೂತಿದ್ದರು. ನನ್ನನ್ನು ನೋಡಿ, "ಇದ ನೋಡ್ರಿ ಸರ, ನಿಮ್ಮ ಅಕ್ಕನ ಕೆಲಸ" ಅಂದು ಮತ್ತೆ ಕಸ ತೆಗೆಯತೊಡಗಿದರು.